ಅತನೂರಿನ ಬಾಗಿಲು

ಜೇವರ್ಗಿಯಲ್ಲಿ ನಾವು ಫ್ಲ್ಯಾಟ್ ಕೊಂಡಾಗ ಅದರ ಒಳಗಿನ ಅಂದಚೆಂದದ ಕೆಲಸವನ್ನು ಹಟ ಹಿಡಿದು ನಾನೇ ವಹಿಸಿಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಅದರ ತರಬೇತಿ ಏನೂ ಇರಲಿಲ್ಲ. ಮೊಬೈಲಿನಲ್ಲಿ ನೋಡಿದ ಚಿತ್ರಗಳಿದ್ದವು, ಅಷ್ಟೇ. ಬಿಳಿ ಗೋಡೆ, ಫಾಲ್ಸ್ ಸೀಲಿಂಗ್, ನಡುವೆ ಅಲ್ಲೊಂದು ಇಲ್ಲೊಂದು ಹಳ್ಳಿಯ ಸಾಮಾನು. ಹಾಗೆ ಹೊಸದೂ ಹಳೆಯದೂ ಕೂಡಿದರೆ ಮನೆಗೊಂದು ಕಳೆ ಬರುತ್ತದೆಂದು ನಂಬಿದ್ದೆ.

ಆಗಲೇ ಅತನೂರಿನಲ್ಲಿ ನನ್ನ ಗಂಡನ ಅಣ್ಣ ತಮ್ಮ ಪಾಲಿನ ಹಳೆಯ ಮನೆ ಕೆಡವಿಸುತ್ತಿದ್ದರು. ಅದರ ತಲೆಬಾಗಿಲನ್ನು ನಾನು ಕೇಳಿ ಪಡೆದೆ. ಸಾಗವಾನಿಯ ಎರಡು ದಪ್ಪ ಕದಗಳು, ಮೇಲೆ ಬಳ್ಳಿಯ ಕೆತ್ತನೆ. ಹೊರಬಾಗಿಲು ಬದಲಿಸಲು ಅಪಾರ್ಟ್‌ಮೆಂಟಿನವರು ಒಪ್ಪಲಿಲ್ಲ. ಹಾಗಾಗಿ ನಮ್ಮೊಂದಿಗಿದ್ದ ಅತ್ತೆಯ ಕೋಣೆಗೇ ಹಾಕಿಸಿದೆ. ಅವರಿಗೆ ಖುಷಿಯಾದೀತು ಅಂದುಕೊಂಡಿದ್ದೆ.

ಅತ್ತೆ ಅದನ್ನು ನೋಡಿ, "ಇದನ್ಯಾಕ ತಂದಿ ಬೇ?" ಅಂದರು.

"ನಿಮ್ಮ ಮನಿ ಬಾಗಿಲಾನೇ ಅಲ್ಲೇನ್ರಿ ಅತ್ತಿ? ಎಷ್ಟು ಚಂದ ಅದ ನೋಡ್ರಿ," ಅಂದೆ ನಾನು.

ಬಂದವರೆಲ್ಲ ಆ ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ಯಾವತ್ತೂ ಅದನ್ನು ಮುಚ್ಚುತ್ತಿರಲಿಲ್ಲ.

ಅವತ್ತು ಮುಚ್ಚಿದವಳು ನಾನೇ. ಭಾನುವಾರ ಬೆಳಿಗ್ಗೆ, ಕೆಟ್ಟ ಸೆಕೆ. ಗಂಡ ಕೆಲಸದ ಮೇಲೆ ಅಫಜಲಪುರಕ್ಕೆ ಹೋಗಿದ್ದರು. ಅತ್ತೆ ತಮ್ಮ ಕೋಣೆಯಲ್ಲಿ ಮಂಚದ ಮೇಲಿದ್ದರು. ಅವರ ಬಟ್ಟೆ ಮಡಚಿಡಲು ಒಳಗೆ ಹೋದವಳು ಎಸಿಯ ತಂಪು ಹೊರಗೆ ಹೋಗದಿರಲೆಂದು ಎರಡೂ ಕದಗಳನ್ನು ಜೋರಾಗಿ ನೂಕಿದೆ. ಮೇಲೆಲ್ಲೋ ಟಕ್ ಎಂದು ಮುರಿದ ಸದ್ದಾಯಿತು. ಒಂದು ಕದ ಕೀಲು ಬಿಟ್ಟು ಕುಸಿದು, ಇನ್ನೊಂದರ ಮೇಲೆ ಭಾರ ಹಾಕಿ ಸಿಕ್ಕಿಕೊಂಡಿತು. ಎಳೆದೆ, ಅಲುಗಲಿಲ್ಲ. ಫೋನು ಅಡುಗೆಮನೆಯಲ್ಲಿತ್ತು. ಕಿಟಕಿಗೆ ಕಬ್ಬಿಣದ ಗ್ರಿಲ್ಲು, ಅದರಾಚೆ ಪಕ್ಕದ ಕಟ್ಟಡದ ಗೋಡೆ. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು.

ಕೂಗಿ ಕೂಗಿ ನನ್ನ ಗಂಟಲು ಒಣಗಿತು. ಉಸಿರು ಸಾಲುತ್ತಿಲ್ಲವೆನಿಸಿ ಎರಡೂ ಕೈಯಿಂದ ಕದ ಬಡಿಯತೊಡಗಿದೆ.

"ಬಡೀಬ್ಯಾಡ. ಕೈ ಬಾತ್ಕೋತಾವ," ಅಂದರು ಅತ್ತೆ, ಮಂಚದ ಮೇಲೆ ಕುಳಿತೇ. "ಈ ಕದಾ ನಾನೂ ಬಡಿದೇನಿ."

ನಾನು ತಿರುಗಿ ನೋಡಿದೆ.

"ಲಗ್ನಾಗಿ ಇನ್ನಾ ವರ್ಷ ಆಗಿದ್ದಿಲ್ಲ. ನನ್ನ ತವರು ಕರಜಗಿಂದ ಮಂದಿ ಬಂದು, ನಿಮ್ಮವ್ವ ಹೋದ್ಲು ಅಂತ ಹೇಳಿದ್ರು. ಮನ್ಯಾಗ ಗಂಡಸರು ಇದ್ದಿದ್ದಿಲ್ಲ. ಅವರನ್ನ ಕೇಳದೆ ಸೊಸಿ ಹೊಸ್ತಿಲಾ ದಾಟಬಾರ್ದು ಅಂತ ನಮ್ಮತ್ತಿ ಅಗಳಿ ಹಾಕಿ ಕುಂತ್ಲು. ಮಾವ ಬಂದು ಕದಾ ತೆಗೆಸೂದ್ರಾಗ ಅಲ್ಲಿ ಮಣ್ಣು ಕೊಟ್ಟು ಮುಗಿಸಿದ್ರು. ಅವ್ವನ ಮಾರಿ ನೋಡ್ಲಿಲ್ಲ ನಾ."

"ನನಗ ಹೇಳಬೇಕಿತ್ತಲ್ರಿ ಅತ್ತಿ."

"ನೀ ಎಲ್ಲಿ ಕೇಳಿದಿ? ಚಂದ ಅದ ಅಂದಿ."

ಆ ಕೋಣೆಯಲ್ಲಿ ಅವರ ಮುಖ ತಪ್ಪಿಸಿ ಕೂರಲು ಜಾಗವಿರಲಿಲ್ಲ. ಶೋಭೆಗೆಂದು ನಾನೇ ಇಟ್ಟಿದ್ದ ಹಿತ್ತಾಳೆಯ ತಂಬಿಗೆಯಿಂದ ಗ್ರಿಲ್ಲನ್ನು ಕುಟ್ಟತೊಡಗಿದೆ. ಮಧ್ಯಾಹ್ನ ದಾಟಿದ ಮೇಲೆ ಮೇಲಿನ ಮನೆಯಾಕೆಗೆ ಕೇಳಿಸಿತು. ಆಕೆ ವಾಚ್‌ಮನ್ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಹೊರಬಾಗಿಲು ತೆಗೆಸಿ, ಬಡಿಗನನ್ನು ಕರೆಸಿದಳು.

ಬಡಿಗ ಹೊರಗಿನಿಂದಲೇ ನೋಡಿ ಹೇಳಿದ: "ನೂಕಿದ್ರ ನಿಮ್ಮ ಮ್ಯಾಲೇ ಬೀಳ್ತದ್ರಿ. ಒಂದು ಕದಾ ಕೊಯ್ಯಬೇಕಾಗ್ತದ."

ಮೇಲಿನ ಮನೆಯಾಕೆ ನನ್ನ ಗಂಡನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. "ಕೊಯ್ಸಬ್ಯಾಡ್ರಿ! ನಮ್ಮ ಮುತ್ಯಾನ ಕಾಲದ್ದದ. ಎರಡು ತಾಸು ತಡೀರಿ, ನಾ ಬರ್ತೇನಿ, ಬ್ಯಾರೆ ಏನರ ಮಾಡೂಣು," ಎಂದು ಅವರು ಒದರುವುದು ಒಳಗೂ ಕೇಳಿಸಿತು.

ಇಲ್ಲಿ ನಾನು ನಿಜ ಬರೆಯಬೇಕು. ಅತ್ತೆಯ ಕಥೆ ಕೇಳಿದ ಮೇಲೂ, ಬೆವರಿನಲ್ಲಿ ತೊಯ್ದು ನಿಂತ ಹೊತ್ತಿನಲ್ಲೂ, "ಕೆತ್ತನಿ ಉಳಿಸಾಕ ಬರ್ತದೇನ್ರಿ?" ಎಂದು ನಾನು ಬಡಿಗನನ್ನು ಕೇಳಿದೆ.

ಅತ್ತೆ ಮಂಚದಿಂದಿಳಿದು ಬಂದು ನನ್ನ ಪಕ್ಕಕ್ಕೆ ನಿಂತರು. ಅವರು ದನಿ ಏರಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಕೊಯ್ಯೋ ತಮ್ಮಾ. ಯಾರನ್ನೂ ಕೇಳಬ್ಯಾಡ."

ಗರಗಸದ ಸದ್ದು ಬಹಳ ಹೊತ್ತು ನಡೆಯಿತು. ಬಳ್ಳಿಯ ಕೆತ್ತನೆ ನಡುವೆ ಸೀಳಿಹೋಯಿತು. ಒಬ್ಬರು ತೂರುವಷ್ಟು ಜಾಗವಾದಾಗ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಮೊದಲು ದಾಟಿದರು. ಹೊರಗೆ ನಿಂತವರನ್ನು ಮಾತಾಡಿಸದೆ ಮೆಟ್ಟಿಲಿಳಿದು ರಸ್ತೆಯವರೆಗೆ ಹೋಗಿ, ಗೇಟು ಹಿಡಿದು ಸಂಜೆಯಾಗುವವರೆಗೆ ಅಲ್ಲೇ ನಿಂತಿದ್ದರು.

ಈಗ ಆ ಕೋಣೆಗೆ ಪ್ಲೈವುಡ್ಡಿನ ಬಾಗಿಲಿದೆ. ಕೊಯ್ಯದೆ ಉಳಿದ ಕದಕ್ಕೆ ನನ್ನ ಗಂಡ ಪಾಲಿಶ್ ಮಾಡಿಸಿ, ಹಾಲ್‌ನ ಗೋಡೆಗೆ ನಿಲ್ಲಿಸಿ, ಮೇಲೊಂದು ದೀಪ ಹಾಕಿಸಿದ್ದಾರೆ. ಬೇಡವೆಂದು ನಾನು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಅತ್ತೆ ಹಾಲ್‌ಗೆ ಬರುವುದನ್ನು ಬಿಟ್ಟಿದ್ದಾರೆ. ಊಟದ ತಾಟನ್ನು ಅವರ ಕೋಣೆಗೆ ನಾನೇ ಒಯ್ಯುತ್ತೇನೆ.