ಅಕ್ಕನ ಕಣ್ಣಿಗೆ ಬಿದ್ದ ಸುಣ್ಣ

ಆ ವರ್ಷ ದಸರೆಯ ರಜೆಯಲ್ಲಿ ನಾನು ಕಮಲಾಪುರದ ಅಕ್ಕನ ಮನೆಗೆ ಹೋಗಿದ್ದೆ. ಮನೆಯ ಮುಂದಿನ ಕೋಣೆಗಳಿಗೆ ಅಂಗಡಿಯ ಬಣ್ಣ ಬಂದು ಎಷ್ಟೋ ವರ್ಷಗಳಾಗಿದ್ದವು. ಜೋಳದ ಚೀಲ ಇಡುವ ಹಿಂದಿನ ಕೋಣೆಗೆ ಮಾತ್ರ ಅಕ್ಕ ಸುಣ್ಣವನ್ನೇ ಬಳಿಯುತ್ತಿದ್ದಳು. ಸುಣ್ಣದ ಗೋಡೆಯಿದ್ದರೆ ನುಸಿ ಹತ್ತುವುದಿಲ್ಲ ಎನ್ನುವುದು ಅವಳ ನಂಬಿಕೆ. ಭಾವನದು ಊರಾಚೆ ಕೆಂಪು ಬಾಳೆಯ ತೋಟ. ಗೊನೆ ಕಡಿಸಿ ತರುವುದು ಭಾವನ ಕೆಲಸವಾದರೆ, ಹೆದ್ದಾರಿಯ ಬದಿಯ ಅಂಗಡಿಯಲ್ಲಿ ಕೂತು ಹಣ್ಣು ಮಾರುವುದು ಅಕ್ಕನದು.

ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಅಂದು ಮನೆಯವರೆಲ್ಲ ನನ್ನ ಮಾತು ಕೇಳಿದ್ದು ಅದೇ ಕಾರಣಕ್ಕೆ.

ಹಿತ್ತಲಲ್ಲಿ ತಗಡಿನ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ಅಕ್ಕ ನೀರು ಸುರಿದಳು. ಅದು ಕೊತಕೊತ ಕುದಿಯತೊಡಗಿತು. ಸ್ವಲ್ಪ ಹೊತ್ತಿನ ಮೇಲೆ, ಕರಗಿತೋ ಇಲ್ಲವೋ ನೋಡೋಣವೆಂದು ಅವಳು ಬಾಗಿ ಕೋಲಿನಿಂದ ತಿರುವಿದಳು. ತಳದಲ್ಲಿ ಉಳಿದಿದ್ದ ಒಂದು ದೊಡ್ಡ ಕಲ್ಲು ಒಮ್ಮೆಲೇ ಒಡೆದು ಬಿಸಿ ಸುಣ್ಣ ಅವಳ ಮುಖಕ್ಕೆ ಚಿಮ್ಮಿತು. ಎರಡೂ ಕಣ್ಣು ಮುಚ್ಚಿಕೊಂಡು ಅವಳು ಅಲ್ಲೇ ಕುಸಿದು ಕೂತಳು.

ಭಾವ ಓಡಿಬಂದರು. ನೀರಿನ ತೊಟ್ಟಿ ಹತ್ತು ಹೆಜ್ಜೆ ದೂರದಲ್ಲಿತ್ತು. ಅವರು ಕೊಡ ತುಂಬಿಕೊಂಡು ಬಂದಾಗ ನಾನು ಕೈ ಅಡ್ಡ ಹಿಡಿದೆ.

"ನೀರ ಹಾಕಬ್ಯಾಡ್ರಿ ಭಾವ. ನೀರು ಬಿದ್ರ ಸುಣ್ಣ ಇನ್ನಾ ಕುದೀತದ."

ಅವರು ಕೊಡ ಕೆಳಗಿಟ್ಟರು. ನಾನು ಅರಿವೆಯಿಂದ ಅಕ್ಕನ ಮುಖ ಒರೆಸಿದೆ, ರೆಪ್ಪೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಪಕ್ಕದ ಮನೆಯವರ ಕಾರಿನಲ್ಲಿ ಕಲಬುರಗಿಗೆ ಹೊರಟೆವು. ದಾರಿಯುದ್ದಕ್ಕೂ ಅಕ್ಕ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಳಲಿಲ್ಲ.

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಏನು ಬಿತ್ತು, ಎಷ್ಟು ಹೊತ್ತಾಯಿತು ಎಂದು ಕೇಳುತ್ತಲೇ ಸಲೈನ್ ಬಾಟಲಿ ತೂಗುಹಾಕಿಸಿದರು. ಅಕ್ಕನ ರೆಪ್ಪೆಗಳನ್ನು ಮಗುಚಿ, ಒಳಗೆ ಅಂಟಿದ್ದ ಸುಣ್ಣದ ಚೂರುಗಳನ್ನು ಒಂದೊಂದಾಗಿ ತೆಗೆದರು. ಬಾಟಲಿಯ ಮೇಲೆ ಬಾಟಲಿ ಖಾಲಿಯಾಯಿತು. ನಡುನಡುವೆ ಒಂದು ಕಾಗದದ ಪಟ್ಟಿಯನ್ನು ಕಣ್ಣಿನ ನೀರಿಗೆ ತಾಗಿಸಿ, ಸುಣ್ಣದ ಕ್ಷಾರ ಇನ್ನೂ ಉಳಿದಿದೆಯೇ ಎಂದು ಅದರ ಬಣ್ಣ ನೋಡುತ್ತಿದ್ದರು. ಆ ಬಣ್ಣ ನನಗೆ ಚೆನ್ನಾಗಿ ಗೊತ್ತಿತ್ತು. ಅಂಥದೇ ಕಾಗದವನ್ನು ಸುಣ್ಣದ ತಿಳಿಯಲ್ಲಿ ಅದ್ದಿ ವರ್ಷವರ್ಷವೂ ಮಕ್ಕಳಿಗೆ ತೋರಿಸಿದವಳು ನಾನು.

"ಅಲ್ಲೇ ನೀರಿನಿಂದ ತೊಳೀಬೇಕಿತ್ತು. ಯಾಕ ತೊಳೀಲಿಲ್ಲ?" ಎಂದು ಡಾಕ್ಟರಮ್ಮ ಕೇಳಿದರು.

ಭಾವ ನೆಲ ನೋಡುತ್ತ ನಿಂತರು.

"ನೀರು ಸಿಗಲಿಲ್ರಿ," ಅಂದಳು ಮಲಗಿದ್ದ ಅಕ್ಕ.

ಮುಂದಿನ ತಿಂಗಳುಗಳನ್ನು ಅಕ್ಕ ಕಲಬುರಗಿಯ ಶಹಾಬಜಾರದ ನಮ್ಮ ಮನೆಯಲ್ಲಿ ಕಳೆದಳು. ಮೊದಮೊದಲು ಗಂಟೆಗೊಮ್ಮೆ ಕಣ್ಣಿಗೆ ಔಷಧಿ ಬಿಡಬೇಕಿತ್ತು. ಉರಿ ನಿಂತಿತು, ಆದರೆ ದೃಷ್ಟಿ ಮರಳಲಿಲ್ಲ. ಕಪ್ಪು ಗುಡ್ಡೆಯ ಮೇಲೆ ಬಿಳಿ ಪೊರೆ ಹಬ್ಬಿ, ಅದರ ಮೇಲೆ ಕೆಂಪು ನರಗಳು ಹರಿದವು. ಬೆಳಕು ಯಾವ ಕಡೆ ಇದೆ, ಮುಂದೆ ಕೈ ಆಡುತ್ತಿದೆಯೋ ಇಲ್ಲವೋ, ಇಷ್ಟು ಮಾತ್ರ ಅವಳಿಗೆ ತಿಳಿಯುತ್ತಿತ್ತು. ಸುಮ್ಮನೆ ಕೂಡುವವಳಲ್ಲ ಅವಳು. ಬಚ್ಚಲಿಗೆ ಎಷ್ಟು ಹೆಜ್ಜೆ, ಓಣಿಯ ಬಾಗಿಲಿಗೆ ಎಷ್ಟು ಎಂದು ಎಣಿಸಿಟ್ಟುಕೊಂಡಳು. ಒಂದು ದಿನ ನಾನು ಶಾಲೆಯಿಂದ ಬಂದಾಗ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಅಂಚು ತೆಳುವಾಯಿತೋ ಇಲ್ಲವೋ ಎಂದು ಬೆರಳಿನಿಂದ ಸುತ್ತಲೂ ತಡವಿ ನೋಡುತ್ತ ಅವಳು ರೊಟ್ಟಿ ಮಾಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ತಪ್ಪಿನ ಬಗ್ಗೆ ನಾವಿಬ್ಬರೂ ಇನ್ನೂ ಒಂದು ಮಾತೂ ಆಡಿರಲಿಲ್ಲ.

ವರ್ಷ ಕಳೆಯುವ ಹೊತ್ತಿಗೆ ಡಾಕ್ಟರಮ್ಮ ನಮ್ಮನ್ನು ಹೈದರಾಬಾದಿನ ಒಂದು ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ವೈದ್ಯರಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಉಳಿದದ್ದನ್ನು ಉರ್ದುವಿನಲ್ಲಿ ಹೇಳಿದರು. ಕಣ್ಣಿನ ಕರಿಭಾಗ ಬಿಳಿಭಾಗಕ್ಕೆ ಕೂಡುವ ಅಂಚಿನಲ್ಲಿ ಒಂದು ಬಗೆಯ ಮೂಲಕೋಶಗಳಿರುತ್ತವೆ, ಕಣ್ಣಿನ ಮೇಲ್ಪದರ ಸವೆದಂತೆಲ್ಲ ಅವೇ ಹೊಸ ಪದರ ಬೆಳೆಸುತ್ತವೆ, ಸುಣ್ಣ ಅವುಗಳನ್ನು ಸುಟ್ಟುಹಾಕಿದೆ ಎಂದು ವಿವರಿಸಿದರು. ಅಕ್ಕ ಗಮನವಿಟ್ಟು ಕೇಳಿದಳು.

"ಅಂದ್ರ ಬಾಳಿ ಬುಡದಾಗಿನ ಕಂದು ಇದ್ದಂಗ," ಅಂದಳು. "ಗಡ್ಡಿನೇ ಸುಟ್ಟ ಮ್ಯಾಲ ಹೊಸ ಗಿಡ ಎಲ್ಲಿಂದ ಬರಬೇಕು."

ಒಂದೇ ಕಣ್ಣು ಕೆಟ್ಟಿದ್ದರೆ ಇನ್ನೊಂದರಿಂದ ಚೂರು ತೆಗೆದು ಹಾಕಬಹುದಿತ್ತು. ಅಕ್ಕನಿಗೆ ಎರಡೂ ಕೆಟ್ಟಿದ್ದವು. ಹಾಗಾಗಿ ರಕ್ತಸಂಬಂಧಿ ಯಾರಾದರೂ ಕೊಡಬೇಕಿತ್ತು. ಮೊದಲು ಬಲಗಣ್ಣಿಗೆ ಮಾಡಿ ನೋಡೋಣ ಅಂದರು. ಪರೀಕ್ಷೆ ಮಾಡಿದಾಗ ನನ್ನ ರಕ್ತ ಅಕ್ಕನದಕ್ಕೆ ಚೆನ್ನಾಗಿ ಹೊಂದಿತು.

ಕೊಡುವವರನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡುವುದು ಅಲ್ಲಿಯ ರೂಢಿ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ವೈದ್ಯರು ಕೇಳಿದಾಗ, ಹಿತ್ತಲಲ್ಲಿ ಕೊಡ ತಡೆದದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ಬೈಯಲಿಲ್ಲ. ಕಣ್ಣಿನಲ್ಲಿ ಹೇಗೂ ನೀರಿರುತ್ತದೆ, ಸುಣ್ಣ ಅಷ್ಟರಲ್ಲೇ ಸುಡುತ್ತದೆ, ಧಾರಾಳ ನೀರು ಬಿದ್ದರೆ ತಣಿದು ಕೊಚ್ಚಿಹೋಗುತ್ತದೆ ಎಂದು ತಿಳಿಸಿ ಹೇಳಿದರು. ಈ ತಪ್ಪು ಮಾಡುವವರು ನೀವೊಬ್ಬರೇ ಅಲ್ಲ ಅಂದರು. ಆಮೇಲೆ, ನಾಟಿ ಮಾಡಿದ್ದು ಹಿಡಿಯದೆಯೂ ಹೋಗಬಹುದು, ಆಗ ನೀವು ಹೇಗಿರುತ್ತೀರಿ ಯೋಚಿಸಿ ಬನ್ನಿ ಎಂದು ಹೊರಗೆ ಕಳಿಸಿದರು.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಅಕ್ಕ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ನೀರು ಹತ್ತು ಹೆಜ್ಜೆ ದೂರದಲ್ಲಿತ್ತು, ಬೇಡವೆಂದವಳು ನಾನೇ ಎಂದೆ.

"ನನಗೇನು ಕಿವಿ ಇರಲಿಲ್ಲೇನು ಆವತ್ತು," ಅಂದಳು ಅಕ್ಕ. "ಸುಣ್ಣ ಕುದಿಯೋದು ನಾನೂ ನೋಡಿದ್ದೆ. ನೀರು ಬ್ಯಾಡ ಅಂತ ನನಗೂ ಅನಿಸಿತ್ತು."

ಆಮೇಲೆ ಹೇಳಿದಳು, "ಕೊಡ್ಬೇಕು ಅನಿಸಿದ್ರ ಕೊಡು. ತಪ್ಪು ಮಾಡೀನಿ ಅಂತ ಕೊಡಬ್ಯಾಡ. ಹಂಗ ಕೊಟ್ಟದ್ದು ದಿನಾ ನನ್ನ ಕಣ್ಣಾಗ ಚುಚ್ಚತದ."

ನಾನು ಒಳಗೆ ಹೋಗಿ ಕಾಗದಕ್ಕೆ ಸಹಿ ಹಾಕಿದೆ. ತಪ್ಪಿನ ಭಾರ ಅದರಲ್ಲಿ ಇರಲೇ ಇಲ್ಲವೆಂದು ಇಂದಿಗೂ ಎದೆ ಮುಟ್ಟಿ ಹೇಳಲಾರೆ.

ನನ್ನ ಕಣ್ಣಿನಿಂದ ತೆಗೆದದ್ದು ಜೋಳದ ಕಾಳಿಗಿಂತ ಚಿಕ್ಕ ಚೂರು. ಅದನ್ನು ಮತ್ತೂ ಸಣ್ಣಗೆ ಕತ್ತರಿಸಿ, ಅಕ್ಕನ ಕಣ್ಣಿನ ಮೇಲಿನ ಕೆಟ್ಟ ಪೊರೆ ಬಿಡಿಸಿ, ಒಂದು ತೆಳು ಹಾಸಿನ ಮೇಲೆ ಅಂಟಿನಿಂದ ಕೂರಿಸಿದರು. ಆ ಹಾಸು, ಹೆರಿಗೆಯಾದ ಯಾರೋ ತಾಯಿ ದಾನ ಕೊಟ್ಟ ಮಾಸಿನ ಪೊರೆಯಂತೆ. ಅದನ್ನು ಕೇಳಿ ಅಕ್ಕ, ಆ ಕೂಸು ಚೆನ್ನಾಗಿರಲಿ ಎಂದು ಹರಸಿದಳು. ನನ್ನ ಕಣ್ಣಿನಲ್ಲಿ ಎರಡು ವಾರ ಮರಳು ಬಿದ್ದಂತೆ ಕಿರಿಕಿರಿಯಿತ್ತು, ಆಮೇಲೆ ನನಗೆ ಅದು ಮರೆತೇ ಹೋಯಿತು.

ಅಕ್ಕನಿಗೆ ಅಷ್ಟು ಸಲೀಸಾಗಲಿಲ್ಲ. ಪರರ ಕೋಶಗಳನ್ನು ಮೈ ತಳ್ಳಿಹಾಕದಿರಲೆಂದು ದಿನವೂ ಮಾತ್ರೆ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು, ಸಣ್ಣ ಜ್ವರ ಬಂದರೂ ಹೆದರಬೇಕು. ಮೂರನೆಯ ವಾರ ಅಡಿಗೆಮನೆಯಲ್ಲಿ ಅವಳು ನನ್ನ ಕಡೆ ತಿರುಗಿ, ನಿನ್ನ ಸೀರೆ ಹಸಿರು ಅಲ್ಲವಾ ಎಂದು ಕೇಳಿದಳು. ಹಸಿರೇ ಆಗಿತ್ತು. ಆರನೆಯ ತಿಂಗಳಲ್ಲಿ ಕಣ್ಣು ಕೆಂಪಾಗಿ ನೋವು ಶುರುವಾದಾಗ ಎಲ್ಲ ಮುಗಿಯಿತೆಂದುಕೊಂಡೆವು. ಮತ್ತೆ ಹೈದರಾಬಾದಿಗೆ ಓಡಿದೆವು. ಔಷಧಿ ಹೆಚ್ಚಿಸಿದ ಮೇಲೆ ಕೆಂಪು ಇಳಿಯಿತು, ಅಂಚಿನಲ್ಲಿ ಸ್ವಲ್ಪ ಮಸುಕು ಉಳಿಯಿತು. ಈಗ ಬಲಗಣ್ಣಿಗೆ ಮುಖಗಳು ಕಾಣುತ್ತವೆ, ಬಸ್ಸಿನ ಬೋರ್ಡಿನ ದೊಡ್ಡ ಅಕ್ಷರಗಳು ಕಾಣುತ್ತವೆ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ.

ಶಾಲೆಯಲ್ಲಿ ಸುಣ್ಣದ ಪಾಠ ಬಂದಾಗ ನಾನು ಈಗ ಮಕ್ಕಳನ್ನು ನಲ್ಲಿಯ ಹತ್ತಿರ ಕರೆದೊಯ್ಯುತ್ತೇನೆ. ಕಣ್ಣಿಗೆ ಏನೇ ಬಿದ್ದರೂ ಮೊದಲು ನೀರು, ಅರ್ಧ ಗಂಟೆ ನೀರು, ಆಸ್ಪತ್ರೆ ಆಮೇಲೆ ಎಂದು ಹೇಳಿ, ತಲೆ ಹೇಗೆ ಬಾಗಿಸಬೇಕೆಂದು ಮಾಡಿ ತೋರಿಸುತ್ತೇನೆ. ನಿಮಗ ಮೊದಲೇ ಗೊತ್ತಿತ್ತೇನ್ರಿ ಎಂದು ಒಬ್ಬ ಹುಡುಗಿ ಕೇಳಿದಳು. ಗೊತ್ತಿರಲಿಲ್ಲ ಅಂದೆ.

ಅಕ್ಕ ಕಮಲಾಪುರಕ್ಕೆ ಮರಳಿ ವರ್ಷವಾಗುತ್ತ ಬಂತು. ಮೊದಲು ಭಾವನ ಜೊತೆ ಬರುತ್ತಿದ್ದವಳು ಹೋದ ತಿಂಗಳು ರಕ್ತ ಪರೀಕ್ಷೆಗೆ ಒಬ್ಬಳೇ ಬಸ್ಸು ಹತ್ತಿ ಬಂದಳು. ಎಡಗಣ್ಣಿಗೂ ಮಾಡಿಸಬಹುದೆಂದು ವೈದ್ಯರು ಹೇಳಿದ್ದಾರೆ. ಊಟ ಮಾಡುವಾಗ ನಾನು ಆ ಮಾತು ಎತ್ತಿದೆ. ನನ್ನ ಇನ್ನೊಂದು ಕಣ್ಣಿನಿಂದಲೂ ಕೊಡುತ್ತೇನೆ ಅಂದೆ. ಅಕ್ಕ ತಲೆಯೆತ್ತಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಈ ಮಾತ್ರಿ ಒಂದೀಟು ಕಡಿಮಿ ಆಗಲಿ, ಆಮ್ಯಾಲ ನೋಡೋಣು," ಅಂದಳು. ಪುಂಡಿಪಲ್ಯ ಇನ್ನೊಂದಿಷ್ಟು ಹಾಕಿಸಿಕೊಂಡು, ನಾಲ್ಕರ ಬಸ್ಸಿಗೆ ಹೋಗಬೇಕೆಂದು ಬೇಗ ಬೇಗ ಉಂಡಳು.