ಅಕ್ಕ ತಂದ ಸೀಟು

ಮೊನ್ನೆ ಎಲೆಕ್ಟ್ರಾನಿಕ್ ಸಿಟಿಯಿಂದ ಬರೋ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮಂಡಿಗೆ ನೋವಿನೆಣ್ಣೆ ಹಚ್ಚಿಕೊಂಡಿದ್ದರು. ಕರ್ಪೂರ, ನೀಲಗಿರಿ ಬೆರೆತ ಆ ಖಾರದ ವಾಸನೆ ಮೂಗಿಗೆ ಬಡಿದಿದ್ದೇ ತಡ, ನಮ್ಮ ಮೇಲ್ಮನೆಯಕ್ಕ ಮೆಟ್ಟಿಲಿಳಿದು ಬಂದ ಹಾಗಾಯಿತು. ನಾನು ಇಳಿಯಬೇಕಾದ ಸ್ಟಾಪು ದಾಟಿಹೋಗಿದ್ದೂ ಗೊತ್ತಾಗಲಿಲ್ಲ.

ಬೇಗೂರಿನ ನಮ್ಮ ಮನೆ ಮಹಡಿಯಲ್ಲಿ ಬಾಡಿಗೆಗಿದ್ದರು ಅವರು. ವಿಜಯಪುರದ ಕಡೆಯವರು. ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಸೈಕಲ್ಲು. ದೇಶದ ತಂಡದಲ್ಲಿ ಓಡಿಸೋ ಹೆಂಗಸು ಅಂತ ಗೊತ್ತಾಗೋವರೆಗೂ ನಮ್ಮತ್ತೆ, "ಈ ವಯಸ್ಸಲ್ಲಿ ಇವಳಿಗ್ಯಾಕೆ ಚಡ್ಡಿ ಸವಾರಿ" ಅಂತ ಗೊಣಗುತ್ತಿದ್ದರು. ಗೊತ್ತಾದ ಮೇಲೂ ಗೊಣಗಿದರು ಅನ್ನಿ.

ನಮ್ಮಿಬ್ಬರ ಸ್ನೇಹ ಬೆಳೆದದ್ದು ನನ್ನ ಸ್ಕೂಟರಿನಿಂದ. ಲಾರಿಗಳ ಕಾಟ ಶುರುವಾಗೋ ಮುಂಚೆ, ಬೆಳಕು ಹರಿಯೋ ಹೊತ್ತಿಗೆ, ನೈಟಿ ಮೇಲೆ ಸ್ವೆಟರ್ ಹಾಕ್ಕೊಂಡು ಆನೇಕಲ್ ರಸ್ತೆಯಲ್ಲಿ ನಾನು ಮುಂದೆ ಹೋಗಬೇಕು. ಅವರು ನನ್ನ ಹಿಂಚಕ್ರಕ್ಕೆ ಅಂಟಿಕೊಂಡ ಹಾಗೆ ಸೈಕಲ್ ತುಳಿಯಬೇಕು. ಮುಂದಿರೋರು ಗಾಳಿ ಸೀಳಿದರೆ ಹಿಂದಿರೋರಿಗೆ ಎಷ್ಟೋ ಹಗುರ. ತಂಡದಲ್ಲಿ ಅಕ್ಕನ ಕೆಲಸವೇ ಗಾಳಿ ಹೊರೋದು. ಓಟದುದ್ದಕ್ಕೂ ಮುಂದಿದ್ದು, ಕೊನೆಗೆ ಓಟ ಮುಗಿಯೋ ಗೆರೆ ಹತ್ತಿರ ಬರುತ್ತಿದ್ದಂತೆ ಎಡಕ್ಕೆ ಸರಿದು, ಬೆನ್ನ ಹಿಂದೆ ಕಾಪಾಡಿಕೊಂಡು ತಂದವಳನ್ನ ಮುಂದೆ ಬಿಡೋದು. ಗೆದ್ದವಳ ಫೋಟೋ ಬರುತ್ತಿತ್ತು. ಅಕ್ಕ ವರ್ಷಗಟ್ಟಲೆ ಹೀಗೇ ಎಡಕ್ಕೆ ಸರಿದಿದ್ದರು.

ಆ ವರ್ಷ ದೊಡ್ಡದೊಂದು ಅಂತರರಾಷ್ಟ್ರೀಯ ರೋಡ್ ರೇಸ್ ಇತ್ತು. ಸುಮ್ಮನೆ ಹೆಸರು ಕೊಟ್ಟು ಹೋಗೋ ಓಟವಲ್ಲ ಅದು. ಹೊರದೇಶದ ರೇಸುಗಳಲ್ಲಿ ಓಡಿ ಪಾಯಿಂಟ್ ತರಬೇಕು, ಆ ಪಾಯಿಂಟೆಲ್ಲ ದೇಶದ ಹೆಸರಿಗೆ ಸೇರಬೇಕು, ಆಮೇಲೆ ಯಾವ ದೇಶಕ್ಕೆ ಎಷ್ಟು ಸೀಟು ಅಂತ ಹಂಚುತ್ತಾರೆ. ನಮಗೆ ಸಿಕ್ಕಿದ್ದು ಒಂದೇ ಒಂದು. ಅದೂ ಅಕ್ಕನ ಪುಣ್ಯದಿಂದ. ಅಕ್ಕ ಯಾವಾಗಲೂ ಮುಂದೆ ಬಿಡುತ್ತಿದ್ದ ಹುಡುಗಿ ಹೊರದೇಶದ ರೇಸಿನಲ್ಲಿ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಹಾಗಾಗಿ ಅಕ್ಕ ಮೊದಲ ಸಲ ತನಗೋಸ್ಕರ ಓಡಿ ಪಾಯಿಂಟ್ ತಂದಿದ್ದರು.

ಸುದ್ದಿ ಕೇಳಿ ಕೇಸರಿಬಾತ್ ಮಾಡಿ ಮೇಲಕ್ಕೆ ಹೋದೆ. ಅಕ್ಕ ತಟ್ಟೆ ಇಸಕೊಂಡು, "ಸೀಟು ನಂದಲ್ಲವಾ, ದೇಶದ್ದು. ಯಾರು ಹೋಗಬೇಕು ಅಂತ ಇನ್ನೊಂದು ಓಟ ಇಡ್ತಾರ. ಅದರಾಗ ಗೆದ್ದವರು ಹೋಗ್ತಾರ" ಅಂದರು.

"ಇದೊಳ್ಳೆ ಕಥೆಯಾಯ್ತಲ್ಲ! ಮುದ್ದೆ ತಿರುವಿದೋರು ಒಬ್ರು, ಊಟಕ್ಕೆ ಕೂರೋರು ಇನ್ನೊಬ್ರಾ?"

ಮೈಯೆಲ್ಲ ಉರಿದುಹೋಯಿತು ನನಗೆ. ಎಷ್ಟು ನೋವಿನೆಣ್ಣೆ ತಿಕ್ಕಿದರೂ ಅಕ್ಕನ ಮಂಡಿ ಆಗಲೇ ಹೇಳಿದ ಮಾತು ಕೇಳುತ್ತಿರಲಿಲ್ಲ, ಮುಂದಿನ ಸಲ ಅನ್ನೋದು ಅವರಿಗಿರಲಿಲ್ಲ. "ಇದೊಂದು ಸಲ ಓಡಿದ್ರ ಸಾಕು. ಆಮ್ಯಾಲೆ ಸೈಕಲ್ಲು ಮೂಲ್ಯಾಗ ಇಟ್ಟುಬಿಡ್ತೀನಿ" ಅಂದರು. ಹಾಗನ್ನುವಾಗ ನನ್ನ ಮುಖ ನೋಡಲಿಲ್ಲ.

ಆಯ್ಕೆ ಓಟ ಆನೇಕಲ್ ಆಚೆ, ರಸ್ತೆ ತಡೆದು ಸುತ್ತು ಹಾಕೋದು. ಗೆರೆಗಿಂತ ಸ್ವಲ್ಪ ಹಿಂದೆ, ಟೀ ಅಂಗಡಿ ಮುಂದೆ ನಾನು ನಿಂತಿದ್ದೆ. ಮೊದಲ ಸುತ್ತಿನಲ್ಲಿ ಎಲ್ಲರೂ ಗುಂಪಾಗಿ ಹೋದರು. ಮುಂದಿನ ಸುತ್ತಿಗೆ ಅಕ್ಕ ಮತ್ತು ಆ ಹುಡುಗಿ, ಕೈ ಮುರಿದುಕೊಂಡು ಈಗ ವಾಸಿಯಾಗಿದ್ದವಳು, ಇಬ್ಬರೇ ಮುಂದೆ. ಎದುರುಗಾಳಿ ಅಂದ್ರೆ ಅಂಥಾ ಗಾಳಿ, ಅಂಗಡಿಯ ತಗಡು ಪಟಪಟ ಬಡಿಯುತ್ತಿತ್ತು. ಅಕ್ಕ ಮುಂದೆ, ಹುಡುಗಿ ಹಿಂದೆ. ಅದರ ಮುಂದಿನ ಸುತ್ತಿಗೂ ಹಾಗೇ... ಹುಡುಗಿ ಒಮ್ಮೆಯೂ ಮುಂದೆ ಬಂದು ಗಾಳಿಗೆ ಎದೆ ಕೊಡಲಿಲ್ಲ. ಹಿಂದಿನ ಗುಂಪು ಬೇರೆ ಹತ್ತಿರವಾಗುತ್ತಿತ್ತು. ಅಕ್ಕ ನಿಧಾನ ಮಾಡಿದರೆ ಗುಂಪು ಹಿಡಿಯುತ್ತೆ, ಮಾಡದಿದ್ದರೆ ಹುಡುಗಿ ಕೊನೆಗೆ ಬೇಕಾದ ಕಾಲಿನ ಕಸುವು ಉಳಿಸಿಕೊಳ್ಳುತ್ತಾಳೆ. ನನ್ನ ಕೈಯಲ್ಲಿದ್ದ ಟೀ ಆರಿಹೋಯಿತು.

ಕೊನೆ ಸುತ್ತು. ದೂರದ ತಿರುವಿನಲ್ಲಿ ಇಬ್ಬರೂ ಕಂಡರು. ಅಕ್ಕ ಸೀಟಿನಿಂದೆದ್ದು ತುಳಿಯುತ್ತಿದ್ದರು, ಹುಡುಗಿ ಹಿಂದೆ ಬೀಳತೊಡಗಿದ್ದಳು. ಗೆದ್ದೇಬಿಟ್ಟರು ಅಂದುಕೊಂಡೆ. ಗೆರೆ ಎದುರಿಗೇ ಕಾಣುತ್ತಿತ್ತು. ಅಷ್ಟರಲ್ಲಿ ಅಕ್ಕ ಎಡಕ್ಕೆ ಸರಿದರು.

ಸರಿದು, ಒಂದು ಗಳಿಗೆ ತುಳಿಯೋದನ್ನೂ ನಿಲ್ಲಿಸಿದರು. ಕೆಲಸ ಮುಗಿಸಿದಾಗ ಯಾವಾಗಲೂ ಮಾಡುತ್ತಿದ್ದ ಹಾಗೆ. ಹುಡುಗಿ ಬಲಗಡೆಯಿಂದ ನುಗ್ಗಿ ಹೋದಳು. ಅಕ್ಕ ಬೆಚ್ಚಿಬಿದ್ದು ಮತ್ತೆ ತುಳಿದರು. ಗೆರೆ ದಾಟುವಾಗ ಒಂದು ಚಕ್ರದಷ್ಟು ಹಿಂದೆ ಉಳಿದಿದ್ದರು.

ನಾನು ಓಡಿಹೋದೆ. ಅಕ್ಕ ರಸ್ತೆ ಬದಿ ಸೈಕಲ್ಲಿಗೆ ಒರಗಿ ಉಸಿರಿಗೆ ಒದ್ದಾಡುತ್ತಿದ್ದರು. "ಯಾಕಕ್ಕ ಸರಿದ್ರಿ? ಏನಾಗಿತ್ತು ನಿಮಗೆ?" ಅಂತ ಕೂಗಿಬಿಟ್ಟೆ.

"ನಾ ಸರದ್ನೇನು?" ಅಂದರು. ಅವರ ಮುಖ ಬಿಳಿಚಿಕೊಂಡಿತ್ತು. ನಿಜವಾಗಿಯೂ ಅವರಿಗೆ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ಹುಡುಗಿ ಅಳುತ್ತಾ ಬಂದು ತಬ್ಬಿಕೊಂಡಳು. "ನಂಗೋಸ್ಕರ ದಾರಿ ಬಿಟ್ರಲ್ಲ ಅಕ್ಕಾ..." ಅಂದಳು. ಅಕ್ಕ ಆ ಹುಡುಗಿಯ ತಲೆ ಮೇಲಿಂದ ನನ್ನನ್ನೇ ನೋಡಿದರು. ಆಮೇಲೆ ಅವಳ ಬೆನ್ನು ಸವರಿ, "ಹೌದವಾ, ಬಿಟ್ಟೆ. ನೀ ಹೋಗಿ ಬಾ" ಅಂದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡವರು ಮಾರನೇ ದಿನದವರೆಗೂ ತೆಗೆಯಲಿಲ್ಲ. ಅಡುಗೆಮನೆಯಲ್ಲಿ ನಿಂತು ಮೇಲಿನ ಸದ್ದಿಗೆ ಕಿವಿಗೊಟ್ಟೆ. ಗೊಣಗೋ ನಮ್ಮತ್ತೆಯೇ ಊಟದ ಡಬ್ಬಿ ತಗೊಂಡು ಹೋಗಿ ಬಾಗಿಲ ಹೊರಗಿಟ್ಟು ಬಂದರು. ಆ ಓಟದ ಮಾತನ್ನ ಅಕ್ಕ ಮತ್ತೆ ಎತ್ತಲಿಲ್ಲ. ಕೆಲವು ತಿಂಗಳಾದ ಮೇಲೆ ಮನೆ ಖಾಲಿ ಮಾಡಿ ಊರ ಕಡೆ ಹೋದರು...

ಹೋದ ವರ್ಷ ಜ್ವರ ಬಂದು ತೀರಿಕೊಂಡರಂತೆ. ಸುದ್ದಿ ಮುಟ್ಟೋ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಹುಡುಗಿ ಈಗ ಮಕ್ಕಳಿಗೆ ಸೈಕಲ್ ಕಲಿಸುತ್ತಾಳೆ, ಒಳ್ಳೆಯವಳೇ, ಅವಳ ತಪ್ಪೇನೂ ಇಲ್ಲ. ಅಕ್ಕನ ನೆನಪಿಗೆ ಇಲ್ಲಿ ನಾಲ್ಕು ಜನ ಸೇರಿದ್ದಾಗ ಎದ್ದು ನಿಂತು, ತನಗೋಸ್ಕರ ಅಕ್ಕ ಎಂಥಾ ತ್ಯಾಗ ಮಾಡಿದರು ಅಂತ ಹೇಳಿ ಅತ್ತಳು. ಎಲ್ಲರೂ ಕಣ್ಣೊರೆಸಿಕೊಂಡರು. ಅಕ್ಕನೇ ಆಡಿದ ಮಾತು ಅದು, ನಾನ್ಯಾರು ಸುಳ್ಳು ಅನ್ನೋಕೆ? ಆದರೆ ಅವರಿಗೆ ಆ ಸೀಟು ಬೇಕಾಗಿತ್ತು. ತುಂಬಾ ಬೇಕಾಗಿತ್ತು.