ಇನ್ನೂ ಕಾಯಾಗಿದ್ದ ಬರೋಲೊ

ಗೆಳೆಯರೇ, ನಮ್ಮ ಕಾಫಿ ಕೊಳ್ಳುವ ಇಟಲಿಯವನೊಬ್ಬ ಕೊಟ್ಟಿದ್ದ ಬರೋಲೊ ಎಂಬ ಕೆಂಪು ವೈನ್ ಇಂದು ಮುಗಿಯಿತು. ಹದಿನೈದು ವರ್ಷ ಇಟ್ಟು ಕುಡಿಯಿರಿ ಎಂದಿದ್ದ. ವನಗೂರಿನಿಂದ ಮಧ್ಯಾಹ್ನ ಊಟಕ್ಕೆ ಬಂದ ದೊಡ್ಡಪ್ಪನಿಗೆ ಅದನ್ನೇ ಹೇಳಿದೆ.

“ನಂಗೆ ಎಂಬತ್ತೆರಡು ಕಣೋ. ಈಗ್ಲೇ ತೆಗಿ,” ಎಂದರು.

ತೆಗೆದೆ. ಜೀವಮಾನವಿಡೀ ಕಾಫಿಯ ರುಚಿ ನೋಡಿದವರು ಅವರು. ಲೋಟ ಮೂಸಿದರು, ಒಂದು ಗುಟುಕನ್ನು ಬಾಯೊಳಗೆಲ್ಲ ಆಡಿಸಿ ನುಂಗಿದರು.

“ವಾಸ್ನೆ ಚೆನ್ನಾಗೈತೆ. ಹುಳಿನೂ ಹದವಾಗೈತೆ. ಆದ್ರೆ ನಾಲಿಗೆಯೆಲ್ಲಾ ಒಗರು. ಇನ್ನೂ ಕಾಯಿ ಕಣೋ ಇದು. ಆ ಇಟಲಿಯವ್ನು ಹೇಳಿದ್ದು ಸರಿ.”

ಉಳಿದದ್ದನ್ನು ಮುಚ್ಚಿಡಲು ಹೋದೆ. ಅವರು ಲೋಟ ಚಾಚಿದರು.

“ಕಾಯಿ ಅಂದ್ರಲ್ಲ, ದೊಡ್ಡಪ್ಪ?”

“ಅದು ಕಾಯಿ ಆದ್ರೇನು ಮಾರಾಯ, ನಾನು ಹಣ್ಣಾಗಿದ್ದೀನಲ್ಲ. ಹುಯ್ಯಿ.”

ಕೊನೆಯ ಲೋಟದ ಹೊತ್ತಿಗೆ ಒಗರು ಸ್ವಲ್ಪ ಕಡಿಮೆಯಾಗಿದೆ ಎಂದು ವರದಿ ಕೊಟ್ಟರು.